ಹಿಡಿದುಕೊಂಡು ಮುಗಿಸುವುದೋ, ಅರಿವಳಿಕೆ ಕೊಡಿಸುವುದೋ? ಆಟಿಸಂ ಇರುವ ಮಗನ ಹಲ್ಲುನೋವು ಮತ್ತು ಸೂಜಿಯ ಭಯ

ಪ್ರಶ್ನೆ: ನನ್ನ ಮಗನಿಗೆ 12 ವರ್ಷ, ತೂಕ 38 ಕೆ.ಜಿ. ಆಟಿಸಂ ಇದೆ. ಹತ್ತಿಪ್ಪತ್ತು ಪದ ಮಾತಾಡುತ್ತಾನೆ, ನಾವು ಹೇಳುವುದು ಬಹುಪಾಲು ಅರ್ಥವಾಗುತ್ತದೆ. ಫಿಟ್ಸ್‌ಗೆ ಸೋಡಿಯಂ ವಾಲ್‌ಪ್ರೊಯೇಟ್ ಕೊಡುತ್ತಿದ್ದೇವೆ. ಹೋದ ಮಳೆಗಾಲದಲ್ಲಿ ಡೆಂಗಿ ಬಂದಾಗ ದಿನಾ ನಾಲ್ಕು ಜನ ಹಿಡಿದು ರಕ್ತ ತೆಗೆದರು. ಅಂದಿನಿಂದ ಆಸ್ಪತ್ರೆ ರಸ್ತೆಗೆ ಗಾಡಿ ತಿರುಗಿದರೆ ಸಾಕು, ಕಿರುಚಿ ಕೈ ಕಚ್ಚಿಕೊಳ್ಳುತ್ತಾನೆ. ಈಗ ಮೂರು ವಾರದಿಂದ ಎಡಗೆನ್ನೆಗೆ ಹೊಡೆದುಕೊಳ್ಳುತ್ತಿದ್ದಾನೆ, ರೊಟ್ಟಿ ಬಿಟ್ಟು ಬರೀ ಮೊಸರನ್ನ ತಿನ್ನುತ್ತಾನೆ. ದಂತವೈದ್ಯರಿಗೆ ಬಾಯಿ ತೆರೆಯಲೇ ಇಲ್ಲ. ಅರಿವಳಿಕೆ ಕೊಟ್ಟೇ ನೋಡಬೇಕು ಎಂದರು. ಅರಿವಳಿಕೆಯಿಂದ ಪ್ರಜ್ಞೆ ತಪ್ಪಿಸಿದರೆ ಮೆದುಳು ಇನ್ನೂ ಮಂದವಾಗುತ್ತದೆ ಎಂದು ನಮ್ಮ ಮಾವನವರ ಹೆದರಿಕೆ. ನೆಂಟರೊಬ್ಬರು ಶೀತದ ಸಿರಪ್ ಕುಡಿಸಿ ಕರೆದುಕೊಂಡು ಹೋಗಿ ಎಂದರು. ಇಂಥ ಮಕ್ಕಳಿಗೆ ನೋವೇ ಗೊತ್ತಾಗಲ್ಲ, ಅಭ್ಯಾಸಕ್ಕೆ ಹೊಡೆದುಕೊಳ್ಳುತ್ತಾನೆ ಎನ್ನುವವರೂ ಇದ್ದಾರೆ. ಮೊಣಕಾಲು ತರಚಿದರೂ ಅವನು ಅಳುವುದಿಲ್ಲ ಎನ್ನುವುದು ನಿಜ. ಫಿಟ್ಸ್ ಡಾಕ್ಟರು ಪ್ಲೇಟ್‌ಲೆಟ್ ಮತ್ತು ಲಿವರ್ ಪರೀಕ್ಷೆಗೆ ಬೇರೆ ಬರೆದುಕೊಟ್ಟಿದ್ದಾರೆ. ಎಲ್ಲರೂ ಸೇರಿ ಹಿಡಿದುಕೊಂಡು ಒಂದೇ ಸಲ ಮುಗಿಸಿಬಿಡೋಣವೇ? (ಸಾಗರದಿಂದ ಒಬ್ಬ ತಾಯಿ)

ಉತ್ತರ: ಬೇಡ. ಆದರೆ ಸುಮ್ಮನೆ ಮುಂದೂಡುವುದೂ ಬೇಡ. ಹಲ್ಲಿನದು ಕಾಯುವಂಥದ್ದಲ್ಲ. ಆಪರೇಷನ್ ಥಿಯೇಟರಿಗೆ ತಾರೀಕು ಇವತ್ತು ಕೇಳಿದರೆ ನಾಳೆಯೇ ಸಿಗುವುದು ಅಪರೂಪ. ಆ ನಡುವಿನ ದಿನಗಳನ್ನು ಸೂಜಿಯ ಅಭ್ಯಾಸಕ್ಕೆ ಬಳಸಿಕೊಳ್ಳಿ. ಅದು ಹೇಗೆ ಎನ್ನುವುದು ಮುಂದಿದೆ. ಅದಕ್ಕೆ ಮೊದಲು ನೋವಿನ ಮಾತು.

ಆಟಿಸಂ ಇರುವವರಿಗೆ ನೋವು ಗೊತ್ತಾಗುವುದಿಲ್ಲ ಎನ್ನುವುದು ಸುಳ್ಳು. ಗೊತ್ತಾಗುತ್ತದೆ, ಆದರೆ ಹೊರಗೆ ಕಾಣುವ ರೀತಿ ಬೇರೆ. ನಾವು ಹುಡುಕುವುದು ಅಳು, ಮುಖ ಹಿಂಡುವುದು, ‘ಅಮ್ಮಾ’ ಎನ್ನುವುದು. ಇವರಲ್ಲಿ ಬರುವುದು ನಿದ್ದೆಗೆಡುವುದು, ಊಟ ಬದಲಾಗುವುದು, ತಲೆ ಬಡಿದುಕೊಳ್ಳುವುದು, ಬೆಳಗ್ಗೆಯಿಂದ ಕಾರಣವಿಲ್ಲದ ರಚ್ಚೆ. ದೇಹದೊಳಗೆ ಎಲ್ಲಿ ಏನಾಗುತ್ತಿದೆ ಎಂದು ಗುರುತಿಸುವುದೇ ಕೆಲವರಿಗೆ ಕಷ್ಟ. ಹಾಗಾಗಿ ‘ಎಲ್ಲಿ ನೋವು ತೋರಿಸು’ ಎಂದರೆ ಉತ್ತರ ಸಿಗದು. ಮೊಣಕಾಲು ತರಚಿದಾಗ ಅಳದವನು ಬನಿಯನ್ನಿನ ಲೇಬಲ್ ಚುಚ್ಚಿದರೆ ಮನೆ ತಲೆಕೆಳಗು ಮಾಡುವುದೂ ಇದೆ. ಎರಡೂ ಒಂದೇ ನರಮಂಡಲದ ಕೆಲಸ. ವೈದ್ಯರೂ ಇಲ್ಲಿ ಎಡವುತ್ತಾರೆ. ಫೈಲಿನಲ್ಲಿ ‘ಆಟಿಸಂ’ ಎಂದು ಕಂಡಕೂಡಲೇ ಹೊಸ ವರ್ತನೆಯನ್ನೆಲ್ಲ ಅದರ ಲೆಕ್ಕಕ್ಕೇ ಬರೆದುಬಿಡುತ್ತಾರೆ, ಹುಳುಕು ಹಲ್ಲು, ಕಿವಿಸೋರು, ಮಲಬದ್ಧತೆ, ಎದೆಯುರಿ ಹಿಂದೆ ಉಳಿದುಬಿಡುತ್ತವೆ.

ನಿಮ್ಮ ಮಗ ಒಂದೇ ಕೆನ್ನೆಗೆ ಹೊಡೆದುಕೊಳ್ಳುತ್ತಾನೆ, ಅಗಿಯಬೇಕಾದ್ದನ್ನು ಬಿಟ್ಟಿದ್ದಾನೆ, ಶುರುವಾಗಿ ಮೂರೇ ವಾರವಾಗಿದೆ. ಅಭ್ಯಾಸಬಲ ಹೀಗೆ ಎಡ ಬಲ ನೋಡಿ, ತಾರೀಕು ಹಾಕಿಕೊಂಡು ಬರುವುದಿಲ್ಲ. ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಒಂದು ದಿನ ಎಷ್ಟು ಹೊತ್ತಿಗೆ ಎಷ್ಟು ಸಲ ಹೊಡೆದುಕೊಂಡ ಎಂದು ಬರೆದಿಡಿ. ಮರುದಿನ ಅದೇ ಹೊತ್ತಿಗೆ ಮೊದಲು ಪ್ಯಾರಸಿಟಮಾಲ್ 500 ಎಂ.ಜಿ. ಒಂದು ಮಾತ್ರೆ ಕೊಡಿ. ಅವನ ತೂಕಕ್ಕೆ ಇದು ಸರಿಯಾದ ಪ್ರಮಾಣ. ಎರಡು ಡೋಸ್ ನಡುವೆ 6 ಗಂಟೆ ಬಿಡಬೇಕು, 24 ಗಂಟೆಯಲ್ಲಿ 4 ಮಾತ್ರೆ ದಾಟಬಾರದು. ಲಿವರ್ ತೊಂದರೆ ಇದೆ ಎಂದು ಯಾರಾದರೂ ಹೇಳಿದ್ದರೆ ಮಾತ್ರ ಮೊದಲು ವೈದ್ಯರನ್ನು ಕೇಳಿ. ಒಂದು ಗಂಟೆಯೊಳಗೆ ಹೊಡೆತ ಕಡಿಮೆಯಾದರೆ ಅದು ನೋವೇ ಇರುವ ಸಾಧ್ಯತೆ ಹೆಚ್ಚು. ಆ ಚೀಟಿಯನ್ನು ವೈದ್ಯರಿಗೆ ತೋರಿಸಿ, ನೀವು ಬಾಯಲ್ಲಿ ಹೇಳುವುದಕ್ಕಿಂತ ಅದಕ್ಕೆ ತೂಕ ಹೆಚ್ಚು. ಆಸ್ಪಿರಿನ್ ಮಾತ್ರ ಬೇಡ, ವಾಲ್‌ಪ್ರೊಯೇಟ್ ತೆಗೆದುಕೊಳ್ಳುವ ಮಕ್ಕಳಿಗೆ ಅದು ಅಪಾಯ. ಲವಂಗದೆಣ್ಣೆಯನ್ನು ಹಾಗೇ ಹಚ್ಚಬೇಡಿ, ವಸಡು ಸುಡುತ್ತದೆ.

ಇನ್ನೊಂದು ಎಚ್ಚರ: ಹಲ್ಲೇ ಎಂದು ತೀರ್ಮಾನಿಸಿಬಿಡಬೇಡಿ. ಹನ್ನೆರಡರ ಹೊತ್ತಿಗೆ ಕೊನೆಯ ಹಾಲುಹಲ್ಲು ಅಲ್ಲಾಡುತ್ತಿರಬಹುದು, ಹಿಂದೆ ಎರಡನೇ ದವಡೆಹಲ್ಲು ಮೂಡುತ್ತಿರಬಹುದು, ಅಥವಾ ನೋವು ಕಿವಿಯದಾಗಿರಬಹುದು. ಕಿವಿಯನ್ನೂ ನೋಡಲೇಬೇಕು. ಕೆನ್ನೆ ಅಥವಾ ದವಡೆಯ ಕೆಳಗೆ ಊತ, ಕಣ್ಣಿನ ಕಡೆಗೆ ಏರುವ ಊತ, ಜ್ವರ, ಎಂಜಲು ನುಂಗಲಾಗದೆ ಸುರಿಯುವುದು, ಇವುಗಳಲ್ಲಿ ಒಂದು ಕಂಡರೂ ಮುಂದಿನ ಪ್ಯಾರಾ ಓದುತ್ತ ಕೂರಬೇಡಿ, ಅಂದೇ ಆಸ್ಪತ್ರೆಗೆ ಹೋಗಿ.

ಹಿಡಿದುಕೊಳ್ಳುವ ವಿಚಾರಕ್ಕೆ ಬರೋಣ. ಡೆಂಗಿಯಲ್ಲಿ ರಕ್ತ ತೆಗೆಸಿದ್ದು ತಪ್ಪಲ್ಲ, ಆಗ ತೆಗೆಯಲೇಬೇಕಿತ್ತು. ಅದಕ್ಕಾಗಿ ನಿಮ್ಮನ್ನು ನೀವು ಹಳಿದುಕೊಳ್ಳುವುದು ಬೇಡ. ಹಾವು ಕಚ್ಚಿದಾಗ, ರಕ್ತ ನಿಲ್ಲದಾಗ, ಉಸಿರಿಗೆ ತೊಂದರೆಯಾದಾಗ ಹಿಡಿಯಬೇಕಾಗುತ್ತದೆ. ಆಗಲೂ ಅಂಗಾತ ಅಥವಾ ಕೂರಿಸಿ ಹಿಡಿಯಬೇಕು, ಬೋರಲು ಹಾಕಿ ಎಂದೂ ಹಿಡಿಯಬಾರದು. ಎದೆ, ಹೊಟ್ಟೆ, ಕುತ್ತಿಗೆ ಮೇಲೆ ಭಾರ ಬಿದ್ದರೆ ಉಸಿರು ನಿಲ್ಲುವ ಅಪಾಯವಿದೆ. ತಾಯಿ ತಲೆಯ ಹತ್ತಿರ ನಿಂತು ಮಾತಾಡುವವಳಾಗಿರಬೇಕೇ ಹೊರತು ಹಿಡಿಯುವ ನಾಲ್ವರಲ್ಲಿ ಒಬ್ಬಳಾಗಬಾರದು. ಆದರೆ ಕೆಲವು ದಿನವಾದರೂ ಕಾಯಬಹುದಾದ ಕೆಲಸಕ್ಕೆ ಹೀಗೆ ಹಿಡಿದರೆ ಇವತ್ತಿನ ಐದು ನಿಮಿಷ ಉಳಿಸಿ ಮುಂದಿನ ಐದು ವರ್ಷ ಕಳೆದುಕೊಂಡಂತೆ. ಹನ್ನೆರಡರ ಹುಡುಗನನ್ನು ನಾಲ್ವರು ಹಿಡಿಯಬಹುದು. ಹದಿನೆಂಟಕ್ಕೆ ಅವನು ಎಪ್ಪತ್ತು ಕೆ.ಜಿ. ಆದಾಗ?

ಅವನು ಹೆದರುವುದು ಸೂಜಿಗೊಂದಕ್ಕೇ ಅಲ್ಲ ಎನ್ನುವುದನ್ನು ನೆನಪಿಡಿ. ಟ್ಯೂಬ್‌ಲೈಟಿನ ಮಿಣುಕು, ಟೋಕನ್ ಯಂತ್ರದ ಬೀಪ್, ಸ್ಪಿರಿಟ್ ವಾಸನೆ, ಹೇಳದೆ ಕೇಳದೆ ಮೈಮುಟ್ಟುವ ಕೈ, ತೋಳಿಗೆ ಬಿಗಿಯುವ ರಬ್ಬರ್ ಪಟ್ಟಿ ಎಲ್ಲ ಸೇರಿ ಸೂಜಿ ಬರುವ ಮೊದಲೇ ಅವನ ಪಾತ್ರೆ ತುಂಬಿರುತ್ತದೆ. ಮುಂದೇನು, ಯಾವಾಗ ಮುಗಿಯುತ್ತದೆ ಎನ್ನುವುದೂ ತಿಳಿದಿರುವುದಿಲ್ಲ. ನಮ್ಮ ಸಮಾಧಾನದ ಮಾತುಗಳೂ ಅವನಿಗೆ ಗೊಂದಲವೇ. ‘ಇರುವೆ ಕಚ್ಚಿದ ಹಾಗೆ ಅಷ್ಟೇ ಪುಟ್ಟಾ’ ಎಂದರೆ ಮಾತನ್ನು ಅಕ್ಷರಶಃ ತೆಗೆದುಕೊಳ್ಳುವ ಮಗು ಇರುವೆ ಹುಡುಕುತ್ತದೆ. ‘ಒಂದ್ನಿಮಿಷ’ ಎಂದರೆ ಅರವತ್ತು ಸೆಕೆಂಡಿಗೆ ಕೈ ಎಳೆದುಕೊಳ್ಳುತ್ತದೆ, ಆಗ ‘ಹಟಮಾರಿ’ ಎನ್ನುತ್ತೇವೆ. ‘ಚುಚ್ಚಲ್ಲ, ಸುಮ್ನೆ ನೋಡ್ತಾರೆ’ ಎನ್ನುವ ಸುಳ್ಳು ಒಂದೇ ಸಲ ನಡೆಯುತ್ತದೆ. ಮನೆಯಲ್ಲಿ ಯಾರಾದರೂ ‘ಊಟ ಮಾಡದಿದ್ರೆ ಡಾಕ್ಟರ್ ಹತ್ರ ಸೂಜಿ ಹಾಕಿಸ್ತೀನಿ’ ಎನ್ನುತ್ತಿದ್ದರೆ ಇವತ್ತಿಗೇ ನಿಲ್ಲಿಸಿ.

ಈಗ ಅಭ್ಯಾಸ. ಲ್ಯಾಬ್ ಖಾಲಿ ಇರುವ ಹೊತ್ತಿನಲ್ಲಿ ನೀವೊಬ್ಬರೇ ಹೋಗಿ ಐದಾರು ಫೋಟೋ ತೆಗೆಯಿರಿ: ಬಾಗಿಲು, ಕುರ್ಚಿ, ರಬ್ಬರ್ ಪಟ್ಟಿ, ಹತ್ತಿ, ಸೂಜಿ, ಅಂಟುಪಟ್ಟಿ. ಕೊನೆಗೆ ಅವನಿಗೆ ಇಷ್ಟವಾದ ಯಾವುದಾದರೊಂದು, ಮನೆಯೋ ಉಯ್ಯಾಲೆಯೋ. ಸೂಜಿಯ ಫೋಟೋ ಬಿಡಬೇಡಿ, ಮುಚ್ಚಿಟ್ಟರೆ ಅಲ್ಲಿ ನಂಬಿಕೆ ಮುರಿಯುತ್ತದೆ. ದಿನಾ ಒಂದೇ ಹೊತ್ತಿಗೆ, ಒಂದೇ ಮಾತಿನಲ್ಲಿ ತೋರಿಸಿ: ‘ಕುರ್ಚಿ. ಪಟ್ಟಿ. ಹತ್ತಿ. ಸೂಜಿ, ನೋವಾಗತ್ತೆ. ಹತ್ತು ಎಣಿಸೋದು. ಮುಗೀತು. ಮನೆ.’

ಜೊತೆಗೆ ಮೈಗೆ ಅಭ್ಯಾಸ. ಮೆಡಿಕಲ್ ಶಾಪಿನಲ್ಲಿ ರಬ್ಬರ್ ಪಟ್ಟಿ ಸಿಗುತ್ತದೆ. ಮೊದಲ ದಿನ ಅಂಗಿಯ ತೋಳಿನ ಮೇಲೆ ಸಡಿಲವಾಗಿ ಸುತ್ತಿ ಎರಡು ಎಣಿಸಿ ತೆಗೆಯಿರಿ. ಅವನು ಕಿತ್ತುಹಾಕುವ ಮೊದಲೇ ನೀವು ತೆಗೆಯಬೇಕು, ಇಡೀ ಅಭ್ಯಾಸದ ಗುಟ್ಟು ಅದೊಂದೇ. ಎರಡು ಎಣಿಕೆ ಸರಾಗವಾದರೆ ಐದು, ಆಮೇಲೆ ಬರಿ ತೋಳಿನ ಮೇಲೆ, ಆಮೇಲೆ ಸ್ವಲ್ಪ ಬಿಗಿ. ಸ್ಪಿರಿಟ್ ಹತ್ತಿಯನ್ನು ಮೊದಲು ಕೋಣೆಯ ಆ ಮೂಲೆಯಲ್ಲಿಡಿ, ನಾಲ್ಕನೇ ದಿನ ಕೈಗೆ. ಅವನು ‘ಬೇಡ’ ಎಂದರೆ ನಿಲ್ಲಿಸಿ. ಬೇಡ ಎಂದಾಗ ನಿಲ್ಲುತ್ತದೆ ಎನ್ನುವುದು ಅವನಿಗೆ ಖಾತ್ರಿಯಾದರೆ ಮಾತ್ರ ‘ಆಗಲಿ’ ಎನ್ನುವುದಕ್ಕೆ ಅರ್ಥ. ಒಂದು ಮೆಟ್ಟಿಲಲ್ಲಿ ಮೂರು ದಿನ ಸಿಕ್ಕಿಕೊಂಡರೆ ಹಿಂದಿನ ಮೆಟ್ಟಿಲಿಗೆ ಇಳಿಯಿರಿ, ನಷ್ಟವೇನಿಲ್ಲ.

ಮರಗಟ್ಟಿಸುವ ಕ್ರೀಮ್ ಬಗ್ಗೆ ಊರಿನ ಲ್ಯಾಬ್‌ಗಳಲ್ಲಿ ಯಾರೂ ಹೇಳುವುದಿಲ್ಲ, ಅದು ನನಗೆ ಸೋಜಿಗವೇ. ಲಿಡೊಕೇಯ್ನ್ 2.5%, ಪ್ರಿಲೊಕೇಯ್ನ್ 2.5% ಸೇರಿದ ಕ್ರೀಮ್, ವೈದ್ಯರ ಚೀಟಿಯ ಮೇಲೆ ಸಿಗುತ್ತದೆ. ಎರಡೂ ಮೊಣಕೈಯ ಒಳಭಾಗಕ್ಕೆ ದಪ್ಪವಾಗಿ ಹಚ್ಚಬೇಕು, ಉಜ್ಜಬಾರದು. ಗಾಳಿಯಾಡದಂತೆ ಮುಚ್ಚಿ ಪೂರ್ತಿ 60 ನಿಮಿಷ ಬಿಡಬೇಕು. ಹತ್ತು ನಿಮಿಷಕ್ಕೇ ಒರೆಸಿ ‘ಇದು ಕೆಲಸ ಮಾಡಲ್ಲ’ ಎನ್ನುವವರೇ ಹೆಚ್ಚು. ಅಂಟುಪಟ್ಟಿ ಕೀಳುವುದನ್ನು ಸೂಜಿಗಿಂತ ದ್ವೇಷಿಸುವ ಮಕ್ಕಳಿದ್ದಾರೆ, ಅವರಿಗೆ ಅಡುಗೆಮನೆಯ ಕ್ಲಿಂಗ್ ಫಿಲ್ಮ್ ಸುತ್ತಿದರೆ ಸಾಕು. ಒರೆಸಿದ ಮೇಲೆ ಚರ್ಮ ಬಿಳಿಚಿಕೊಂಡು ರಕ್ತನಾಳ ಸ್ವಲ್ಪ ಹೊತ್ತು ಮರೆಯಾಗುತ್ತದೆ, ಹತ್ತು ನಿಮಿಷ ಕಾದು ಕೈ ಬೆಚ್ಚಗಿಟ್ಟರೆ ಮತ್ತೆ ಕಾಣುತ್ತದೆ. ಗಾಯದ ಮೇಲೆ ಹಚ್ಚಬಾರದು, ಜಿ6ಪಿಡಿ ಕೊರತೆ (ಕೆಂಪು ರಕ್ತಕಣಗಳಿಗೆ ಬೇಕಾದ ಒಂದು ಕಿಣ್ವದ ಹುಟ್ಟುಕೊರತೆ) ಇರುವವರಿಗೆ ಕೊಡಬಾರದು. ಮನೆಯಲ್ಲಿ ಒಮ್ಮೆ ಸುಮ್ಮನೆ ಹಚ್ಚಿ ನೋಡಿ. ಮರಗಟ್ಟಿದ ಅನುಭವವೇ ಕೆಲವರಿಗೆ ಭಯ.

ರಕ್ತ ಕೊಡುವ ದಿನ ಲ್ಯಾಬಿಗೆ ಮೊದಲೇ ಫೋನ್ ಮಾಡಿ, ಬೆಂಚಿನ ಮೇಲೆ ಕಾಯುವ ಬದಲು ಗಾಡಿಯಲ್ಲೇ ಕೂತಿರಿ. ಕೈ ಪಳಗಿದ ಒಬ್ಬರೇ ತೆಗೆಯಲಿ, ಒಬ್ಬರೇ ಮಾತಾಡಲಿ. ಉದ್ದ ಕೊಳವೆಯ ಬಟರ್‌ಫ್ಲೈ ಸೂಜಿ ಕೇಳಿ, ಕೈ ತುಸು ಅಲುಗಿದರೂ ಜಾರುವುದಿಲ್ಲ. ಎರಡು ಸಲ ಚುಚ್ಚಿ ಸಿಗದಿದ್ದರೆ ಅಂದಿಗೆ ಬಿಟ್ಟುಬಿಡಿ. ಮೂರನೇ ಪ್ರಯತ್ನದಲ್ಲಿ ರಕ್ತ ಸಿಕ್ಕರೂ ಮಗು ಕೈತಪ್ಪುತ್ತದೆ.

ಹಲ್ಲಿನ ಚಿಕಿತ್ಸೆಯ ದಾರಿಗಳನ್ನು ನೋಡೋಣ. ನೋವಿನ ಮಾತ್ರೆ, ಆಂಟಿಬಯೋಟಿಕ್ ಕೋರ್ಸ್ ಮೇಲೆ ಕೋರ್ಸ್ ಕೊಡುತ್ತ ಹೋಗುವುದು ದಾರಿಯೇ ಅಲ್ಲ, ಕೀವು ಇಳಿದರೂ ಕೊಳೆತ ಹಲ್ಲು ಅಲ್ಲೇ ಇರುತ್ತದೆ. ನೋವಿಲ್ಲದ ಹುಳುಕಿಗೆ 38% ಸಿಲ್ವರ್ ಡೈಅಮೀನ್ ಫ್ಲೋರೈಡ್ ಎಂಬ ದ್ರವವನ್ನು ಬ್ರಷ್‌ನಿಂದ ಹಚ್ಚಿದರೆ ಡ್ರಿಲ್ ಇಲ್ಲದೆಯೇ ಹುಳುಕು ನಿಲ್ಲಬಹುದು. ಹಚ್ಚಿದ ಜಾಗ ಕಾಯಂ ಕಪ್ಪಾಗುತ್ತದೆ, ದವಡೆಯಲ್ಲಿ ಅದು ಯಾರಿಗೂ ಕಾಣದು. ಮುಂದಕ್ಕೆ ಇದು ನಿಮಗೆ ಉಪಯೋಗಕ್ಕೆ ಬರುತ್ತದೆ, ಆದರೆ ನರಕ್ಕೆ ತಲುಪಿ ನೋಯುತ್ತಿರುವ ಹಲ್ಲಿಗೆ ಅಲ್ಲ. ಎಚ್ಚರದಲ್ಲೇ ವಸಡಿಗೆ ಇಂಜೆಕ್ಷನ್ ಕೊಟ್ಟು ಕೀಳುವುದು ಬಾಯಿಯನ್ನೇ ತೆರೆಯದವನಲ್ಲಿ ಆಗದ ಮಾತು. ಹೇಗೋ ಮಾಡಿಸಿದರೂ, ಆಮೇಲೆ ಎರಡು ಮೂರು ಗಂಟೆ ಮರಗಟ್ಟಿರುವ ತುಟಿಯನ್ನು ಇಂಥ ಮಕ್ಕಳು ಕಚ್ಚಿ ಹಣ್ಣು ಮಾಡಿಕೊಳ್ಳುತ್ತಾರೆ. ಉಸಿರಿನ ಜೊತೆ ಎಳೆದುಕೊಂಡು ಭಯ ತಗ್ಗಿಸುವ ನಗೆ ಅನಿಲಕ್ಕೆ ಮೂಗಿನ ಮೇಲೆ ಮಾಸ್ಕ್ ಇಟ್ಟು ಮೂಗಿನಿಂದಲೇ ಉಸಿರಾಡಬೇಕು, ಅದೂ ಇವನಿಗೆ ಹೊಂದದು.

ಮಂಪರು ಬರಿಸುವ ಔಷಧವಿದೆ. ಬಾಯಲ್ಲಿ ಕುಡಿಸುವ ಮಿಡಜೋಲಾಮ್ ಅರ್ಧ ಗಂಟೆಯೊಳಗೆ ಕೆಲಸ ಮಾಡುತ್ತದೆ. ತೀರಾ ಕಹಿ, ಕೆಲವು ಮಕ್ಕಳು ಶಾಂತವಾಗುವ ಬದಲು ಇನ್ನಷ್ಟು ಕೆರಳುತ್ತಾರೆ. ಮೂಗಿಗೆ ಹಾಕುವ ಡೆಕ್ಸ್‌ಮೆಡಿಟೊಮಿಡಿನ್‌ಗೆ ಅರ್ಧದಿಂದ ಮುಕ್ಕಾಲು ಗಂಟೆ ಬೇಕು. ಎರಡೂ ಆಮ್ಲಜನಕ, ಆಕ್ಸಿಮೀಟರ್, ಉಸಿರು ನಿಂತರೆ ನೋಡಿಕೊಳ್ಳಬಲ್ಲವರು ಇರುವಲ್ಲಿ ಮಾತ್ರ. ಹಲ್ಲು ಕೀಳಲು ಅಷ್ಟು ಮಂಪರು ಸಾಲದು, ಮನೆಯಿಂದ ಥಿಯೇಟರ್ ಬಾಗಿಲವರೆಗಿನ ಕಷ್ಟಕ್ಕೆ ಚೆನ್ನಾಗಿ ಒದಗುತ್ತದೆ. ಶೀತದ ಸಿರಪ್ ಈ ಸಾಲಿಗೆ ಸೇರುವುದೇ ಇಲ್ಲ. ಅದರ ಜೊತೆ ವಾಲ್‌ಪ್ರೊಯೇಟ್ ಸೇರಿ ಎಷ್ಟು ಮಂಪರಾಗುತ್ತದೆ ಎನ್ನುವುದು ನಿಮ್ಮ ಹಿಡಿತದಲ್ಲಿರುವುದಿಲ್ಲ. ಅರೆನಿದ್ದೆಯ ಮಗು ಹೆದರಿದಾಗ ಎಚ್ಚರದ ಮಗುವಿಗಿಂತ ಜಾಸ್ತಿ ಒದ್ದಾಡುತ್ತದೆ.

ಹಾಗಾಗಿ ನಿಮ್ಮ ದಂತವೈದ್ಯರು ಹೇಳಿದ್ದು ಸರಿ ಎಂದೇ ನನ್ನ ಅಭಿಪ್ರಾಯ: ಪೂರ್ಣ ಅರಿವಳಿಕೆ, ಒಂದೇ ಸಲ. ಮಾವನವರ ಭಯ ಗಾಳಿಯಿಂದ ಹುಟ್ಟಿದ್ದಲ್ಲ. 2016ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅರಿವಳಿಕೆಯ ಬಗ್ಗೆ ಎಚ್ಚರಿಕೆ ಕೊಟ್ಟದ್ದು ನಿಜ. ಅದು 3 ವರ್ಷದೊಳಗಿನ ಮಕ್ಕಳಿಗೆ 3 ಗಂಟೆ ಮೀರಿ ಅಥವಾ ಪದೇ ಪದೇ ಕೊಟ್ಟಾಗಿನ ಮಾತು. ಹನ್ನೆರಡರ ಹುಡುಗನಿಗೆ ಒಂದೆರಡು ಗಂಟೆ ಕೊಟ್ಟರೆ ಬುದ್ಧಿ ಮಂದವಾಗುತ್ತದೆ, ಆಟಿಸಂ ಹೆಚ್ಚುತ್ತದೆ ಎನ್ನಲು ಆಧಾರವಿಲ್ಲ. ನಿಜವಾದ ಅಪಾಯ ಬೇರೆ ಕಡೆ ಇದೆ. ವಾಂತಿ, ಗಂಟಲುನೋವು, ಎದ್ದಾಗ ಅರ್ಧ ಗಂಟೆ ದಿಕ್ಕುತೋಚದ ರಂಪ, ಇವು ಸಾಮಾನ್ಯ. ಉಸಿರಾಟ ಕಟ್ಟುವುದು, ಔಷಧದ ಅಲರ್ಜಿ ಅಪರೂಪ, ಆದರೆ ಇವೆ. ಅದಕ್ಕೇ ಅನಸ್ತೇಷಿಯಾ ವೈದ್ಯರು, ಥಿಯೇಟರ್, ರಿಕವರಿ ಇರುವ ಆಸ್ಪತ್ರೆಯಲ್ಲೇ ಆಗಬೇಕು, ಒಂಟಿ ಕ್ಲಿನಿಕ್ಕಿನಲ್ಲಿ ಅಲ್ಲ. ದಾವಣಗೆರೆ, ಧಾರವಾಡ, ಮಣಿಪಾಲ, ಮಂಗಳೂರು, ಬೆಂಗಳೂರಿನ ದಂತ ಕಾಲೇಜುಗಳಲ್ಲಿ ಮಕ್ಕಳ ದಂತ ವಿಭಾಗಗಳಿವೆ, ವಿಚಾರಿಸಿ.

ಖಾಲಿಹೊಟ್ಟೆಯ ನಿಯಮದಲ್ಲೇ ಹೆಚ್ಚು ಮನೆಗಳು ಎಡವುತ್ತವೆ. ಊಟ, ಹಾಲು, ಬಿಸ್ಕತ್ತು 6 ಗಂಟೆ ಮೊದಲೇ ನಿಲ್ಲಬೇಕು, ತಿಳಿನೀರು 2 ಗಂಟೆ ಮೊದಲವರೆಗೆ ಸರಿ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಡಬ್ಬದಿಂದ ಬಿಸ್ಕತ್ತು ತೆಗೆಯುವ ಮಗುವಾದರೆ ಹಿಂದಿನ ರಾತ್ರಿ ಅಡುಗೆಮನೆಗೆ ಬೀಗ ಹಾಕಿ. ತಿಂದಿದ್ದರೆ ಮುಚ್ಚಿಡಬೇಡಿ, ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೆ ಬರುತ್ತದೆ. ದಿನದ ಮೊದಲ ಕೇಸೇ ಬೇಕೆಂದು ಕೇಳಿ. ಫಿಟ್ಸ್ ಮಾತ್ರೆಯನ್ನು ಅಂದು ಸಾಮಾನ್ಯವಾಗಿ ತಪ್ಪಿಸುವುದಿಲ್ಲ, ಒಂದು ಗುಟುಕು ನೀರಲ್ಲಿ ಕೊಡುವ ಹೊತ್ತನ್ನು ಅನಸ್ತೇಷಿಯಾ ವೈದ್ಯರ ಹತ್ತಿರ ಬರೆಸಿಕೊಳ್ಳಿ.

ವಾಲ್‌ಪ್ರೊಯೇಟ್ ಪ್ಲೇಟ್‌ಲೆಟ್ ತಗ್ಗಿಸಬಹುದು, ಹಲ್ಲು ಕಿತ್ತಾಗ ರಕ್ತ ನಿಲ್ಲದಿರಬಹುದು. ಆದ್ದರಿಂದ ಪ್ಲೇಟ್‌ಲೆಟ್ ವರದಿ ಇಲ್ಲದೆ ಹಲ್ಲು ಕೀಳುವ ಹಾಗಿಲ್ಲ. ಮೇಲಿನ ಅಭ್ಯಾಸ ಫಲಿಸಿದರೆ ವರದಿ ಮೊದಲೇ ಕೈಯಲ್ಲಿರುತ್ತದೆ. ಫಲಿಸದಿದ್ದರೆ ನಿದ್ದೆ ಹೋದ ಮೇಲೆ ಡ್ರಿಪ್ ಹಾಕುವಾಗಲೇ ರಕ್ತ ತೆಗೆದು, ಆಸ್ಪತ್ರೆಯ ಲ್ಯಾಬಿನಿಂದ ವರದಿ ಬಂದ ಮೇಲೆ ಕೀಳಬಹುದೇ ಎಂದು ಮುಂಚಿತವಾಗಿ ಕೇಳಿ. ಲಿವರ್ ಪರೀಕ್ಷೆಯ ರಕ್ತವೂ ಆಗಲೇ ಹೋಗಲಿ. ಕಿವಿ ನೋಡುವುದು, ಬಾಕಿಯಿರುವ ಲಸಿಕೆ, ಎಲ್ಲ ಹಲ್ಲಿನ ಎಕ್ಸ್‌ರೇ ಮತ್ತು ಫಿಲ್ಲಿಂಗ್, ಅವನು ಬಿಡದ ಉಗುರು ಕತ್ತರಿಸುವ ಕೆಲಸವೂ ಅದೇ ನಿದ್ದೆಯಲ್ಲಿ ಆಗಲಿ. ಕೇಳದಿದ್ದರೆ ಯಾರೂ ತಾವಾಗಿ ಮಾಡುವುದಿಲ್ಲ.

ಒಂದು ವಾರ ಮೊದಲೇ ಒಂದೇ ಹಾಳೆಯಲ್ಲಿ ಅವನ ವಿಷಯ ಬರೆದುಕೊಡಿ: ಯಾವ ಹೆಸರಿಗೆ ಓಗೊಡುತ್ತಾನೆ, ಹೇಗೆ ಬೇಡ ಎನ್ನುತ್ತಾನೆ, ಪ್ರಶ್ನೆ ಕೇಳಿ ಹತ್ತು ಸೆಕೆಂಡ್ ಕಾಯಬೇಕು, ಬಿ.ಪಿ. ಪಟ್ಟಿ ಕೊನೆಗೆ, ಹಗುರ ಸ್ಪರ್ಶ ಬೇಡ ಗಟ್ಟಿ ಹಿಡಿತ ಸರಿ, ಫಿಟ್ಸ್ ಮಾತ್ರೆಯ ಹೆಸರು ಮತ್ತು ಪ್ರಮಾಣ. ಆಸ್ಪತ್ರೆಯ ಗೌನ್ ಬದಲು ಅವನ ಹಳೆಯ ಹತ್ತಿ ಅಂಗಿ, ನಿದ್ದೆ ಬರುವವರೆಗೂ ಎದ್ದಾಗಲೂ ನೀವು ಪಕ್ಕದಲ್ಲಿ, ಕ್ಯಾನುಲಾ (ಡ್ರಿಪ್‌ಗಾಗಿ ರಕ್ತನಾಳದಲ್ಲಿಟ್ಟ ಸಣ್ಣ ಕೊಳವೆ) ಕಾಣದಂತೆ ಬ್ಯಾಂಡೇಜ್, ರಿಕವರಿಯಲ್ಲಿ ಮಂದ ಬೆಳಕು, ಈ ನಾಲ್ಕನ್ನು ಕೇಳಿ ಪಡೆಯಿರಿ. ಎದ್ದಾಗ ಬಾಯಲ್ಲಿ ರಕ್ತದ ರುಚಿಯಿರುತ್ತದೆ, ಅದನ್ನು ಫೋಟೋ ಕಥೆಗೆ ಸೇರಿಸಿ. ನೀರು ಕುಡಿದು ವಾಂತಿಯಾಗದಿದ್ದರೆ ಕ್ಯಾನುಲಾ ಬೇಗ ತೆಗೆಸಿ.

ಕಾಗದದ ಕೆಲಸ ಚುಟುಕಾಗಿ: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ, ಅದರ 25ನೇ ಸೆಕ್ಷನ್ ತಪಾಸಣೆ ಮತ್ತು ಚಿಕಿತ್ಸೆಯಲ್ಲಿ ಆದ್ಯತೆ ಕೊಡಬೇಕೆನ್ನುತ್ತದೆ. ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಜೊತೆಗಿರಲಿ, ಸರದಿ ಬಿಟ್ಟುಕೊಡಿ ಎಂದು ಕೇಳಲು ಸಂಕೋಚ ಬೇಡ. ಕೇಂದ್ರ ಸರ್ಕಾರದ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಇದೆ, ಒಳಮಿತಿಗಳನ್ನು ಮೊದಲೇ ನೋಡಿಕೊಳ್ಳಿ.

ಎಲ್ಲ ಮುಗಿದು ಎರಡು ವಾರಕ್ಕೆ, ಅವನು ರೊಟ್ಟಿಗೆ ಮರಳಿದ ಮೇಲೆ, ಒಂದು ಸಂಜೆ ಆ ರಸ್ತೆಗೆ ಗಾಡಿ ತಿರುಗಿಸಿ. ಮೊದಲ ಸಲ ಗೇಟಿನವರೆಗೆ ಹೋಗಿ ವಾಪಸ್ ಬನ್ನಿ. ಮುಂದಿನ ವಾರ ಒಳಗಿನ ಬೆಂಚಿನ ಮೇಲೆ ಕೂತು ಬಾಳೆಹಣ್ಣು ತಿಂದು ಬನ್ನಿ. ಡಾಕ್ಟರು ಎದುರು ಸಿಕ್ಕು ‘ಬಂದಿದ್ದೀರಲ್ಲ, ಒಮ್ಮೆ ನೋಡಿಬಿಡ್ತೀನಿ’ ಎಂದರೂ ಅಂದು ಏನೂ ಮಾಡಿಸಬೇಡಿ.